ಹಿಂದಿನ ಸೀಟಿನ ತೂಕ

ನಮ್ಮ ಹಳೆಯ ಅಂಬಾಸಿಡರ್ ಕಾರಿನ ಹಿಂಭಾಗ ಕುಸಿದಿತ್ತು. ಕೊಟ್ಟೂರಿನಲ್ಲಿದ್ದುಕೊಂಡು ನಾನು ಪತ್ರಿಕೆಗೆ ಸುತ್ತಲಿನ ತಾಲ್ಲೂಕುಗಳ ಸುದ್ದಿ ಬರೆಯುತ್ತಿದ್ದ ಕಾಲ ಅದು. ಇವತ್ತು ಕೂಡ್ಲಿಗಿ, ನಾಳೆ ಹಡಗಲಿ, ದಿನವೂ ಓಡಾಟ. ಒಬ್ಬನೇ ಇರುವಾಗ ಆ ಕುಸಿತ ಅಷ್ಟಾಗಿ ಗೊತ್ತಾಗಿರಲಿಲ್ಲ. ಹೆಂಡತಿಯ ಕಾಯಿಲೆ ಬೆನ್ನುಮೂಳೆಗೆ ಹರಡಿ, ವಾರವಾರವೂ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹರಪನಹಳ್ಳಿ ಮಾರ್ಗವಾಗಿ ದಾವಣಗೆರೆಯ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ಗೊತ್ತಾಯಿತು. ಚಕ್ರ ಗುಂಡಿಗೆ ಇಳಿದರೆ ಕಾರಿನ ತಳ ಚಕ್ರದ ಅಚ್ಚಿಗೆ ಬಡಿಯುತ್ತಿತ್ತು. ಆಕೆ ಕೂಗುತ್ತಿರಲಿಲ್ಲ, ಸೆರಗು ಕಚ್ಚಿಕೊಳ್ಳುತ್ತಿದ್ದಳು.

ವಾಸಿಯಾಗುವುದಿಲ್ಲ, ನೋವು ಕಡಿಮೆ ಮಾಡಬಹುದು ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅಲ್ಲಿ ಕಡಿಮೆಯಾದ ನೋವು ಮನೆ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಮರಳಿ ಬರುತ್ತಿತ್ತು.

ಒಂದು ದಿನ ವಾಪಸು ಬರುವಾಗ ಹರಪನಹಳ್ಳಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮಿಸ್ತ್ರಿ ಕಾರಿನಡಿ ತೂರಿ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನು ಪಟ್ಟಿಗಳನ್ನು ತಟ್ಟಿ ನೋಡಿದ.

"ಪಟ್ಟಿ ಸೋತಾವ್ರಿ ಸಾರ್. ಎಷ್ಟು ಮಂದಿ ಹಾಕ್ತೀರಿ?"

"ಇಬ್ರು."

"ಇಬ್ರಾ? ಅಂಬಾಸಿಡರಿನಾಗ ಇಬ್ರು ಹೋಗಾಕ ಮದಿವಿ ಮೆರವಣಿಗಿ ಏನ್ರಿ?"

ನಗುತ್ತಾ ಎದ್ದವನು ಹಿಂದಿನ ಸೀಟು ನೋಡಿ ನಗು ನಿಲ್ಲಿಸಿ ಕೈ ಒರೆಸಿಕೊಂಡ. ನನ್ನ ಹೆಂಡತಿ ಮಲಗಿದ್ದಲ್ಲಿಂದಲೇ, "ನಗ್ರಿ ಅಣ್ಣಾ. ಮೆರವಣಿಗಿ ಆಗಿ ಭಾಳ ವರ್ಷ ಆತು" ಎಂದಳು.

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಆ ರಸ್ತೆಯ ಕಾರುಗಳೆಲ್ಲ ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು ಬಾಡಿಗೆ ಹೊಡೆಯುತ್ತಿದ್ದವು. ಅವನು ಕೂರಿಸುತ್ತಿದ್ದ ಪಟ್ಟಿಗಳೂ ಆ ಭಾರಕ್ಕೆ ತಕ್ಕವೇ.

"ಎರಡು ಥರ ಅದಾವು" ಎಂದ. "ಗಡಸು ಪಟ್ಟಿ ಹಾಕಿದ್ರ ತಳ ಬಡಿಯಂಗಿಲ್ಲ. ಆದ್ರ ಕಾರು ಖಾಲಿ ಇದ್ರ ಸಣ್ಣ ಕಲ್ಲಿಗೂ ಕುಪ್ಪಳಿಸ್ತೈತಿ. ಮೆತ್ತಂದು ಹಾಕಿದ್ರ ಅಮ್ಮಾರಿಗೆ ಆರಾಮ. ಆದ್ರ ಈ ರಸ್ತ್ಯಾಗ ಒಂದು ವರ್ಷ ಬಾಳಿದ್ರ ಹೆಚ್ಚು."

ನಮಗೆ ಬೇಕಾದದ್ದು ಮೆತ್ತನೆಯದು. ಅದನ್ನು ಕೇಳಬೇಕಾದರೆ, ಒಂದು ವರ್ಷ ಬಾಳಿದರೆ ಸಾಕು ಎಂದು ಆಕೆಯ ಎದುರಿಗೇ ಹೇಳಬೇಕಿತ್ತು. ಆಕೆ ನನ್ನ ಮುಖ ನೋಡಿದಳು.

"ಗಡಸಂದ ಹಾಕ್ರಿ ಅಣ್ಣಾ" ಎಂದಳು. "ಕಾರು ಇನ್ನೂ ಭಾಳ ದಿನ ಓಡಾಡಬೇಕು."

ಮಿಸ್ತ್ರಿ ಗಡಸು ಪಟ್ಟಿಗಳನ್ನೇ ಕೂರಿಸಿದ. ಮುಂದಿನ ವಾರದ ಪ್ರಯಾಣದಲ್ಲಿ ತಳ ಬಡಿಯಲಿಲ್ಲ. ಬದಲಿಗೆ ಪ್ರತಿ ಕಲ್ಲಿಗೂ ಹಿಂದಿನ ಸೀಟು ಆಕೆಯನ್ನು ಎತ್ತಿ ಹಾಕಿತು. ಬಿಚ್ಚಿಸೋಣವೆಂದರೆ ಆಕೆ ಒಪ್ಪಲಿಲ್ಲ. ಭಾರ ಇದ್ದರೆ ಕುಪ್ಪಳಿಸುವುದು ತಗ್ಗುತ್ತದೆ, ಡಿಕ್ಕಿಯಲ್ಲಿ ಮರಳಿನ ಚೀಲ ಇಡಿ ಎಂದ ಮಿಸ್ತ್ರಿ. ಮನೆಗೆ ಬಂದು ಚೀಲ ಹುಡುಕುತ್ತಿದ್ದಾಗ ನಮ್ಮ ಎದುರು ಮನೆಯ ಹೆಂಗಸು ಹೊರಗೆ ಬಂದಳು. ಬಾಗಿಲ ತುಂಬಾ ಆಗುವಂಥ ಆಳು, ನಮ್ಮಿಬ್ಬರಿಗಿಂತ ಹಿರಿಯಳು.

"ಮರಳು ಯಾಕೋ ತಮ್ಮಾ, ನಾ ಇಲ್ಲೇನು? ನನ್ನ ಕೂಡಿಸ್ಕೊಂಡು ಹೋಗು."

ಅಂದಿನಿಂದ ಆಕೆ ಪ್ರತಿ ವಾರವೂ ಬಂದಳು. ನನ್ನ ಹೆಂಡತಿಯ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತರೆ ಕಾರು ಒಂದಿಷ್ಟು ತಗ್ಗಿ, ಮೆತ್ತಗೆ ಸಾಗುತ್ತಿತ್ತು. ದಾರಿಯುದ್ದಕ್ಕೂ ಇಬ್ಬರದೂ ಮಾತು.

"ಅಕ್ಕಾ, ನೀ ಸೊರಗಿದ್ರ ನನ್ನ ಬೆನ್ನು ಹೋತು ನೋಡು."

"ಸೊರಗಂಗಿಲ್ಲ ಬಿಡಲೇ. ನೀ ಬಿಟ್ಟ ರೊಟ್ಟಿನೂ ನಾನ ತಿನ್ನಾಕ ಹತ್ತೀನಿ."

ಹೆಂಡತಿಯ ತೂಕ ಇಳಿಯುತ್ತಲೇ ಹೋಯಿತು. ನಾನು ಡಿಕ್ಕಿಗೆ ಒಂದು ಚೀಲ ಜೋಳ ಹಾಕಿದೆ, ಆಮೇಲೆ ಇನ್ನೊಂದು.

ಬೇಸಿಗೆ ಬರುವ ಮೊದಲೇ, ದಾವಣಗೆರೆಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಹೆಂಡತಿ ತೀರಿಕೊಂಡಳು. ನಮ್ಮ ಕಾರಿನಲ್ಲೇ ಕರೆತಂದೆವು. ಎದುರು ಮನೆಯಾಕೆ ಎಂದಿನಂತೆ ತೊಡೆ ಕೊಟ್ಟು ಕೂತಿದ್ದಳು. ಹರಪನಹಳ್ಳಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ನಾನು ಪ್ರತಿ ಗುಂಡಿಗೂ ಮೊದಲ ಗೇರಿಗೆ ಇಳಿದು, ಒಂದೊಂದೇ ಚಕ್ರ ಇಳಿಸಿ ಹತ್ತಿಸುತ್ತಿದ್ದೆ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ.

"ತಮ್ಮಾ, ಜೋರಾಗಿ ಹೊಡಿ" ಎಂದಳು ಹಿಂದಿನಿಂದ. "ಮನ್ಯಾಗ ಎಲ್ಲಾರೂ ಕಾಯಾಕ ಹತ್ಯಾರ. ಆಕಿಗೆ ಇನ್ನ ನೋಯಂಗಿಲ್ಲಪಾ."

ಗೇರು ಬದಲಿಸಿದೆ. ಮುಂದಿನ ಗುಂಡಿ ಬಂತು, ಕಾಲು ಮತ್ತೆ ಬ್ರೇಕಿನ ಮೇಲೆ ಹೋಯಿತು. ಬೈಯುತ್ತಾಳೆಂದು ತಿರುಗಿ ನೋಡಿದೆ. ಆಕೆ ನನ್ನ ಕಡೆ ನೋಡುತ್ತಿರಲಿಲ್ಲ. ಗುಂಡಿ ದಾಟುವ ತನಕ ನನ್ನ ಹೆಂಡತಿಯ ಬೆನ್ನ ಕೆಳಗೆ ಅಂಗೈ ಒಡ್ಡಿ ಹಿಡಿದಿದ್ದಳು.