ಅಕ್ಕೋರ ಪುಕ್ಕಟೆ ಜರ್ಮನ್

ಗೆಳೆಯರೇ, ಇವತ್ತು ಸಂಜೆ ತಾಂಬಾ ವಾಚನಾಲಯದ ಜರ್ಮನ್ ಭಾಷಾ ತರಗತಿಗೆ ಶಿವವ್ವ ತೂತುಬಿದ್ದ ಬೋಗುಣಿ ಹಿಡಿದು ಬಂದಳು. ಪಾಠ ಹೇಳುವ ನಮ್ಮ ಅಕ್ಕೋರು ರೇಡಿಯೊ ಪಾಠದ ಟ್ರಾನ್ಸಿಸ್ಟರ್ ಹೊತ್ತು ಮನೆಮನೆ ತಿರುಗಿ, "ಜರ್ಮನ್ ಪುಕ್ಕಟೆ ಐತ್ರಿ, ಹುಡುಗೂರನ್ನ ಕಳಸ್ರಿ" ಎಂದಿದ್ದರಲ್ಲ! ಅಲ್ಯೂಮಿನಿಯಂ ಪಾತ್ರೆಗೂ ನಮ್ಮ ಕಡೆ ಜರ್ಮನ್ ಎಂದೇ ಹೆಸರು.

"ಹಳೇದು ತಗೊಂಡು ಹೊಸಾದು ಕೊಡ್ತೀರೇನ್ರಿ, ಅಕ್ಕೋರ?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಶಿವವ್ವ ಮುಖ ಸಣ್ಣದು ಮಾಡಿಕೊಂಡು ಹೊರಟಳು. ಅಕ್ಕೋರು ಮಾತ್ರ ನಗಲಿಲ್ಲ. ಬಾಗಿಲಿಗೆ ಓಡಿ ಬೋಗುಣಿ ಇಸಿದುಕೊಂಡರು.

"ಸಿಂದಗಿಗೆ ಒಯ್ದು ರಿಪೇರಿ ಮಾಡಿಸ್ತೇನಿ. ನೀ ಮಗಳನ್ನ ಕಳಸವಾ."

"ಬೋಗಾಣಿ ಬರೂತನಕ ಕಳಸ್ತೇನ್ರಿ."

"ಹಂಗಾರ ಈ ತೂತಿಗೆ ಎರಡು ವರ್ಷ ಹಿಡೀತೈತಿ" ಎಂದರು ಅಕ್ಕೋರು.

ವಾಚನಾಲಯದ ಈ ಸುದ್ದಿಹಲಗೆ ಓದುವವರೇ, ಮನೆಯಲ್ಲಿ ತೂತುಬಿದ್ದ ಪಾತ್ರೆಯಿದ್ದರೆ ಮಕ್ಕಳ ಕೈಯಲ್ಲೇ ಕಳಿಸಿ.