ಶಾವಿಗೆ ಮಣೆಯ ಇನ್ನೊಂದು ತುದಿ

ಹಿರೇಕೆರೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. "ಎಷ್ಟು ಮಂದಿರಿ, ಅಕ್ಕಾರ?" ಎಂದರು ಕಂಡಕ್ಟರು. "ಒಬ್ಬಾಕಿ" ಎಂದೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆ, ಚೀಟಿಯಷ್ಟೇ ಹರಿದುಕೊಟ್ಟರು. ಯಜಮಾನರು ತೀರಿಕೊಂಡ ಮೇಲೆ ನಾನು ಊರು ಬಿಟ್ಟದ್ದು ಇದೇ ಮೊದಲು. ತಿಳವಳ್ಳಿಯ ಗದ್ದೆಗಳ ಮೇಲೆ ಮಂಜು ಕೂತಿತ್ತು. ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾನಗಲ್ಲಿನಲ್ಲಿ ಮಿರ್ಚಿ-ಮಂಡಕ್ಕಿ ತಿಂದು ಬಸ್ಸು ಬದಲಿಸಿದೆ. ಶಿಗ್ಗಾವಿ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು.

ಕಾನ್ವೆಂಟಿನ ಗೆಳತಿ ಶೈಲಾ ಅಲ್ಲಿ ಹಳೆಯ ಮನೆಸಾಮಾನುಗಳ ಪುಟ್ಟ ವಸ್ತುಸಂಗ್ರಹಾಲಯ ನಡೆಸುತ್ತಾಳೆ. ಬಂದವರು ಏನಾದರೂ ಕಲಿತು ಹೋಗುತ್ತಾರೋ ಇಲ್ಲವೋ, ಅವಳಿಗೆ ತಿಳಿಯಬೇಕಿತ್ತು; ಅದಕ್ಕೇ ನನ್ನನ್ನು ಕರೆಸಿದ್ದಳು.

"ಅಡಿಗಿಮನಿ ಖೋಲಿಯೊಳಗ ಸುಮ್ನ ಕುಂತು ಕೇಳು. ಯಾರೂ ನಿಂದ್ರಂಗಿಲ್ಲ ಅಂದ್ರ ಆ ಶಾವಿಗಿ ಮಣಿ ಅಟ್ಟಕ್ಕ ಹಾಕ್ತೇನಿ. ಗೆಳತಿ ಅಂತ ಸುಳ್ಳು ಹೇಳಬ್ಯಾಡ."

ಮಣೆ ಅವಳ ತಾಯಿಯದು, ಹಿಟ್ಟು ಹೊಸೆದು ಶಾವಿಗೆಯ ಎಳೆ ತೆಗೆಯುವ ಉದ್ದನೆಯ ಹಲಗೆ. ಹಾಸ್ಟೆಲಿನಲ್ಲಿ ಬೆಳೆದ ನಾವಿಬ್ಬರೂ ಅಂಥದರ ಮೇಲೆ ಕೂತವರಲ್ಲ.

ಶಾಲೆಯ ಮಕ್ಕಳು ಫಲಕವನ್ನು ಜೋರಾಗಿ ಓದಿ ಓಡಿದರು. ಒಬ್ಬರು ಮಣೆ ತೋರಿಸಿ ಹೆಂಡತಿಗೆ, "ಇದು ಇಸ್ತ್ರಿ ಮಾಡೂದು" ಎಂದರು. ಆಕೆ ಹೌದೆಂದು ಮುಂದೆ ನಡೆದಳು. ಮಧ್ಯಾಹ್ನದ ಹೊತ್ತಿಗೆ, ಶೈಲಾಗೆ ನಿಜ ಹೇಗೆ ಹೇಳಲಿ ಎಂಬ ಸಂಕಟ ಶುರುವಾಯಿತು.

ಆಗ ಹುಲಗೂರಿನ ಅತ್ತೆ-ಸೊಸೆ ಬಂದರು. 'ಮುಟ್ಟಬೇಡಿ' ಎಂದು ಬರೆದದ್ದರ ಪಕ್ಕದಲ್ಲೇ ಅತ್ತೆ ಮಣೆಯ ಆಚೀಚೆ ಕಾಲು ಹಾಕಿ ಕೂತೇಬಿಟ್ಟರು.

"ಕುದುರಿ ಏರಿದಂಗ ಕುಂತೀರಲ್ಲ, ಅತ್ತಿ" ಎಂದಳು ಸೊಸೆ.

"ಏರೂದೇನು ಏರೇನಿ. ಎಳಿ ಹಿಡಿಯಾಕಿ ಎಲ್ಲದಾಳ? ಒಬ್ಬಾಕಿ ಮಾಡೂ ಕೆಲಸಲ್ಲ ಇದು." ಅವರು ನನ್ನತ್ತ ತಿರುಗಿದರು. "ಬರ್ರಿ ಅಕ್ಕಾರ, ಎದುರಿಗೆ ನಿಂದ್ರಿ."

ಹಿಟ್ಟಿರಲಿಲ್ಲ. ಅವರು ಸೆರಗಿನ ಕುಚ್ಚನ್ನೇ ಹೊಸೆದು ಎಳೆ ಬಿಟ್ಟರು. ನಾನು ನನ್ನ ಛತ್ರಿಯನ್ನು ಎಳೆ ಹಿಡಿಯುವ ಕೋಲಿನಂತೆ ಅಡ್ಡ ಹಿಡಿದೆ.

"ಜಗ್ಗಬ್ಯಾಡ್ರಿ, ಹರೀತದ. ಬಂದಷ್ಟು ತಗೋರಿ."

ಸೊಸೆ ನಗುತ್ತ ಛತ್ರಿ ಇಸಿದುಕೊಂಡಳು. "ಕೊಡ್ರಿ, ನಾ ಹಿಡೀತೇನಿ." ಬಾಗಿಲಲ್ಲಿ ಜನ ಸೇರಿದರು. ಇಸ್ತ್ರಿಯೆಂದವರೂ ಮರಳಿ ಬಂದು ಇಣುಕಿದರು. ನಾನು ನನ್ನ ಕುರ್ಚಿಗೆ ಹೋಗಿ ಕೂತೆ.

"ಏನ ಕಲತ್ರು?" ಸಂಜೆ ಶೈಲಾ ಕೇಳಿದಳು.

"ಇಬ್ಬರ ಕೆಲಸ ಅಂತ. ಮಣಿ ಇರಲಿ. ಆ 'ಮುಟ್ಟಬೇಡಿ' ಫಲಕ ತಗದು ಎಳಿ ಹಿಡಿಯಾಕ ಒಂದು ಕೋಲು ಇಡು."

ಮರಳುವ ಬಸ್ಸಿನಲ್ಲಿ ಕಂಡಕ್ಟರು ಕೇಳುವ ಮೊದಲೇ "ಒಬ್ಬಾಕಿ" ಎಂದೆ. ಛತ್ರಿಯ ಕಡ್ಡಿಗೆ ಆ ಅತ್ತೆಯ ಸೆರಗಿನ ಹಸಿರು ನೂಲೊಂದು ಸುತ್ತಿಕೊಂಡಿತ್ತು. ಬೆರಳು ಅದರತ್ತ ಹೋಯಿತು. ಜಗ್ಗದೆ ಬಿಟ್ಟೆ.