ಆ ಸ್ವಿಚ್ಚು ಇರಲೇಬೇಕು

ನನ್ನ ಗಂಡನ ಮೊಣಕಾಲು ಹೋದದ್ದು ಬೇರೆಯವರ ಟ್ರ್ಯಾಕ್ಟರಿನಿಂದ. ಕ್ಲಚ್ ಪೆಡಲಿನ ಹತ್ತಿರ ಒಂದು ಸಣ್ಣ ಸ್ವಿಚ್ಚಿರುತ್ತದೆ. ಕ್ಲಚ್ ಒತ್ತದೆ ಎಂಜಿನ್ ಶುರುವಾಗಲು ಅದು ಬಿಡುವುದಿಲ್ಲ. ಆ ಗಾಡಿಯಲ್ಲಿ ಅದನ್ನು ಯಾರೋ ಕಿತ್ತುಹಾಕಿ ಎರಡು ವೈರುಗಳನ್ನು ಹೊಸೆದಿದ್ದರು. ಇವರು ಕೆಳಗೆ ನಿಂತೇ ಕೀ ತಿರುಗಿಸಿದರು. ಗಾಡಿ ಗೇರಿನಲ್ಲಿತ್ತು, ಮೈಮೇಲೇ ನುಗ್ಗಿತು. ಕಾಲು ಉಳಿಯಿತು, ಮಡಚಲು ಬರುವುದಿಲ್ಲ.

ನಮ್ಮದೊಂದು ಚಿಕ್ಕ ಟ್ರ್ಯಾಕ್ಟರು ಮನೆಯ ಮುಂದಿತ್ತು. ಅದನ್ನು ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಹೆಂಗಸು ಅದರ ಮೇಲೆ ಕೂತರೆ ನೋಡಲು ಚೆನ್ನಾಗಿರಲ್ಲ ಎಂದು ಅತ್ತೆಯೂ ಹೇಳಿದರು. ನೋಡದಿದ್ದರಾಯಿತು ಎಂದೆ. ಕೊಯ್ದ ರಾಗಿ ಹೊಲದಲ್ಲಿ ಸುತ್ತು ಹೊಡೆದು ಹೊಡೆದು ನಾನೇ ಓಡಿಸುವುದು ಕಲಿತೆ. ಅಷ್ಟು ದಿನವೂ ಇವರು ಗಾಡಿಯ ಹತ್ತಿರ ಸುಳಿಯಲಿಲ್ಲ.

ಕಳೆದ ಬಿತ್ತನೆ ಹೊತ್ತಿನಲ್ಲಿ ಸಾನಮಾವು ಕಾಡಿನಂಚಿನ ಹೊಲ ಉಳುತ್ತಿದ್ದೆ. ಇವರು ಬದುವಿನ ಮೇಲೆ ಕೂತಿದ್ದರು. ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರಿಗೆ ಬೇರು ಸುತ್ತಿಕೊಂಡಿತೆಂದು ಎಂಜಿನ್ ನಿಲ್ಲಿಸಿ ಬಿಡಿಸಿದೆ. ಮತ್ತೆ ಹತ್ತಿ ಕೂತು ಕ್ಲಚ್ ಒತ್ತಿ ಕೀ ತಿರುಗಿಸಿದರೆ ಸದ್ದೇ ಇಲ್ಲ.

ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬರುತ್ತಿದ್ದ ಮೈದುನ ಬೈಕು ನಿಲ್ಲಿಸಿ ಹೊಲಕ್ಕಿಳಿದ. ಹೊತ್ತು ಇಳಿಯುತ್ತಿತ್ತು. ಕಾಡಿನ ಕಡೆಯಿಂದ ಪಟಾಕಿ ಸದ್ದು ಕೇಳುತ್ತಿತ್ತು, ಆನೆ ಓಡಿಸುತ್ತಿದ್ದರು. ಗಾಡಿಯನ್ನು ಅಲ್ಲೇ ಬಿಟ್ಟು ಹೋಗುವಂತಿರಲಿಲ್ಲ.

"ಅತ್ತಿಗೆ, ಸೆಲ್ಫ್ ಮೋಟರಿಗೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿದ್ರೆ ಎದ್ದೇಳ್ತದೆ. ಯಾಕೆ ಸುಮ್ನೆ ಹಟ?" ಎಂದ.

"ಅದೂ ಸ್ವಿಚ್ಚು ತಪ್ಪಿಸಿದಂಗೇ. ನಿಮ್ಮಣ್ಣನ ಕಾಲು ನೋಡ್ಕೊಂಡು ಈ ಮಾತು ಆಡಪ್ಪ. ನನ್ನ ಗಾಡಿಗೆ ಯಾರೂ ಸ್ಕ್ರೂಡ್ರೈವರ್ ಇಡಂಗಿಲ್ಲ" ಎಂದೆ.

ಹೆಡ್‌ಲೈಟು ಹಾಕಿದೆ, ಚೆನ್ನಾಗಿ ಉರಿಯಿತು. ಬ್ಯಾಟರಿಯಲ್ಲಿ ಜೀವವಿದೆ. ಆದರೂ ಅದರ ತುದಿಗಳ ಬೂಷ್ಟು ಕೆರೆದು ಬಿಗಿದೆ. ಪ್ರಯೋಜನವಾಗಲಿಲ್ಲ. ಟೂಲ್ ಬಾಕ್ಸಿನಲ್ಲಿ ಎರಡು ವೈರು ಕಟ್ಟಿದ ಬಲ್ಬೊಂದಿತ್ತು. ಗಾಡಿ ನ್ಯೂಟ್ರಲ್ಲಿನಲ್ಲಿದೆಯೆಂದು ನೋಡಿಕೊಂಡು ಮೈದುನನನ್ನು ಸೀಟಿನ ಮೇಲೆ ಕೂರಿಸಿದೆ. ಬಲ್ಬಿನ ಒಂದು ವೈರನ್ನು ಗಾಡಿಯ ಕಬ್ಬಿಣಕ್ಕೂ ಇನ್ನೊಂದನ್ನು ಎಂಜಿನ್ ಎಬ್ಬಿಸುವ ಸೆಲ್ಫಿಗೆ ಬರುವ ಸಣ್ಣ ವೈರಿಗೂ ತಾಗಿಸಿ, ಕ್ಲಚ್ ಒತ್ತಿ ಕೀ ತಿರುಗಿಸು ಎಂದೆ. ಬಲ್ಬು ಉರಿಯಲಿಲ್ಲ. ಅಂದರೆ ಸೆಲ್ಫಿನ ತಪ್ಪಲ್ಲ, ಅಲ್ಲಿಗೆ ಕರೆಂಟೇ ಬರುತ್ತಿಲ್ಲ.

ಕೀ ಹಿಂದಿನ ವೈರು ಎಳೆದು ನೋಡುವಾಗ ಅದು ಕಬ್ಬಿಣಕ್ಕೆ ತಾಗಿ ಫ್ಯೂಸು ಸುಟ್ಟುಹೋಯಿತು. ಇನ್ನು ಮುಗೀತು ಎಂದು ಮೈದುನ ಕೆಳಗಿಳಿದ. ಅಳು ಬರಬೇಕಿತ್ತು, ಸಿಟ್ಟು ಬಂತು. ಫ್ಯೂಸ್ ಡಬ್ಬಿಯ ಮುಚ್ಚಳದೊಳಗಿದ್ದ ಬೇರೆ ಫ್ಯೂಸು ಹಾಕಿದೆ.

ತಲೆ ಎತ್ತಿದರೆ ಇವರು ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಾರೆ. ಕೈ ಚಾಚಿ ಬಲ್ಬು ಇಸಕೊಂಡು ಅದರ ಒಂದು ವೈರನ್ನು ಗಾಡಿಯ ಕಬ್ಬಿಣಕ್ಕೆ ಹಿಡಿದರು. ಇವರಿಗೆ ಬಗ್ಗಲಾಗದು, ಗಾಡಿ ಏಳದಂತೆ ಸೆಲ್ಫಿನ ಸಣ್ಣ ವೈರು ಕಳಚಿಟ್ಟು ನಾನು ಹಸಿ ಮಣ್ಣಿನಲ್ಲಿ ಅಂಗಾತ ಮಲಗಿ ಕ್ಲಚ್ಚಿನ ಕೆಳಗೆ ತಲೆ ತೂರಿಸಿದೆ. ಮೈದುನನೂ ಮತ್ತೆ ಹತ್ತಿ ಕೂತ. ಅವನು ಕೀ ತಿರುಗಿಸಿ ಹಿಡಿದಾಗ ನಾನು ಬಲ್ಬಿನ ಇನ್ನೊಂದು ವೈರನ್ನು ಸ್ವಿಚ್ಚಿನ ಒಂದು ಕಡೆಯ ವೈರಿಗೆ ತಾಗಿಸಿದರೆ ಬಲ್ಬು ಉರಿಯಿತು. ಇನ್ನೊಂದು ಕಡೆ, ಪೆಡಲ್ ಪೂರಾ ಒತ್ತಿದರೂ ಇಲ್ಲ. ನೋಡಿದರೆ ಸ್ವಿಚ್ಚು ಕೂತಿದ್ದ ಪಟ್ಟಿಯ ನಟ್ಟು ಸಡಿಲಾಗಿ ಹಿಂದೆ ಸರಿದಿತ್ತು. ಪೆಡಲು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಸ್ವಿಚ್ಚನ್ನು ಬೆರಳಿನಿಂದ ಒತ್ತಿದೆ. ಬಲ್ಬು ಉರಿಯಿತು.

ಪಟಾಕಿ ಸದ್ದು ಹತ್ತಿರವಾಗಿತ್ತು. ಈಗ ಎರಡು ವೈರು ಜೋಡಿಸಿ ಹೊರಟುಬಿಡೋಣ, ಮಿಕ್ಕಿದ್ದು ಮನೆಯಲ್ಲಿ ನೋಡೋಣ ಎಂದು ಮೈದುನ ಅವಸರ ಮಾಡಿದ.

"ಜೋಡಿಸ್ಬೇಡ, ನಟ್ಟು ಬಿಗಿ" ಎಂದರು ಇವರು. ಅಷ್ಟು ಹೊತ್ತಿಗೆ ಇವರ ಬಾಯಿಂದ ಬಂದ ಮೊದಲ ಮಾತು.

ಪಟ್ಟಿಯನ್ನು ಮುಂದೆ ಸರಿಸಿ ಸ್ಪ್ಯಾನರಿನಿಂದ ಬಿಗಿದೆ. ಎದ್ದು ಬಂದು ಕಳಚಿದ್ದ ವೈರು ಸಿಕ್ಕಿಸಿ, ಮೈದುನನನ್ನು ಇಳಿಸಿ ನಾನು ಕೂತೆ. ಕ್ಲಚ್ ಒತ್ತಿ ಕೀ ತಿರುಗಿಸಿದೆ, ಒಂದೇ ಸಲಕ್ಕೆ ಎದ್ದಿತು. ಕ್ಲಚ್ ಒತ್ತದೆಯೂ ಶುರುವಾಗುತ್ತದಾ ಎಂದು ನೋಡಲು ನಿಲ್ಲಿಸಿ ಇನ್ನೊಮ್ಮೆ ತಿರುಗಿಸಿದೆ. ಮೈದುನ ತಲೆ ಚಚ್ಚಿಕೊಂಡ. ಶುರುವಾಗಲಿಲ್ಲ. ಹಾಗೇ ಇರಬೇಕು.

ಇವರು ತಮ್ಮನ ಬೈಕಿನಲ್ಲಿ ಮುಂದೆ ಹೋದರು, ನಾನು ಹಿಂದೆ ಗಾಡಿ ತಂದೆ. ಆನೆಗಳು ಆ ರಾತ್ರಿ ನಮ್ಮ ಹೊಲವನ್ನು ಹಾಯ್ದೇ ಹೋಗಿದ್ದವು. ಬೆಳಿಗ್ಗೆ ಹೋದರೆ ಉತ್ತ ಮಣ್ಣಿನಲ್ಲಿ ಬಾಂಡಲಿಯಷ್ಟಗಲದ ಹೆಜ್ಜೆಗಳು. ಅವುಗಳ ಮೇಲೇ ಉತ್ತು ರಾಗಿ ಬಿತ್ತಿದೆ.